ಮನೆ ಕಾದವನು

ವರ್ನಿಯ ಕಾಫಿ ಕಪ್ ತಪ್ಪು ಮೊಳೆಗೆ ತೂಗುಬಿದ್ದು ಆರು ತಿಂಗಳಾಗಿತ್ತು. ನಾನು ಅದನ್ನು ಸರಿಮಾಡಿರಲಿಲ್ಲ. ನೀಲಿ ಅಂಚಿನ ಆ ಕಪ್ ನಲವತ್ತೆರಡು ವರ್ಷ ಒಲೆಯ ಪಕ್ಕದ ಮೊದಲನೆಯ ಮೊಳೆಯಲ್ಲಿ ಇದ್ದದ್ದು. ಈಗ ಕಿಟಕಿಯ ಕಡೆಯ ಕೊನೆಯ ಮೊಳೆಯಲ್ಲಿತ್ತು. ಅದನ್ನು ತೊಳೆದು ಅಲ್ಲಿ ಹಾಕಿದವನು ಕ್ಲೀಟ್ ಬಾರ್ನ್‌ಹಿಲ್. ನನ್ನ ಹೆಂಡತಿ ವರ್ನಿಯನ್ನು ಮಣ್ಣು ಮಾಡಿದ ದಿನ, ನಾವೆಲ್ಲ ಚರ್ಚಿನಲ್ಲಿದ್ದಾಗ, ನನ್ನ ಮನೆ ಕಾದವನು ಅವನು.

ಟೆನೆಸಿಯ ನಮ್ಮ ಬೆಟ್ಟದ ಸೀಮೆಯಲ್ಲಿ ಸಾವಿನ ಮನೆಯನ್ನು ಬರಿದು ಬಿಟ್ಟು ಹೋಗುವುದಿಲ್ಲ. ಸತ್ತವರ ಹೆಸರು, ಪ್ರಾರ್ಥನೆಯ ಹೊತ್ತು ಎಲ್ಲವೂ ಪತ್ರಿಕೆಯಲ್ಲಿ ಬಂದಿರುತ್ತದೆ. ಕಳ್ಳರೂ ಪತ್ರಿಕೆ ಓದುತ್ತಾರೆ. ಊಟದ ಪಾತ್ರೆ ಹಿಡಿದು ಬರುವ ಹೆಂಗಸರಿಗೆ ಬಾಗಿಲು ತೆರೆಯುವವರೂ ಬೇಕು. ಆದ್ದರಿಂದ ಯಾರಾದರೂ ಒಬ್ಬರು ಹಿಂದೆ ಉಳಿಯುತ್ತಾರೆ. ಅದು ಸಣ್ಣ ಉಪಕಾರವಲ್ಲ. ಹೋದವರ ಮುಖವನ್ನು ಕೊನೆಯ ಸಲ ನೋಡುವ ಅವಕಾಶವನ್ನು ಬಿಟ್ಟುಕೊಡಬೇಕು. ವರ್ನಿಯೂ ಕ್ಲೀಟನೂ ಚಿಕ್ಕಂದಿನಿಂದ ಒಂದೇ ಹಾಡಿನ ಪುಸ್ತಕ ಹಿಡಿದು ಚರ್ಚಿನಲ್ಲಿ ಹಾಡಿದವರು. ಶವಪೆಟ್ಟಿಗೆ ಹೊರುವ ಆರು ಜನರಲ್ಲಿ ಅವನ ಹೆಸರಿತ್ತು. ಆದರೂ ಹಿಂದಿನ ಸಂಜೆ ಅವನೇ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ನೀನು ಅವಳ ಜೊತೆ ಹೋಗು ಏಮಸ್. ಮನೆ ನಾನು ನೋಡ್ಕೋತೀನಿ. ಪೆಟ್ಟಿಗೆ ಹೊರೋಕೆ ಜನ ಇದಾರೆ, ಮನೆ ಕಾಯೋಕೆ ನಂಬಿಕೆಯೋನು ಬೇಕು," ಎಂದಿದ್ದ.

ಅವನು ತನ್ನ ಊಟವನ್ನೂ ತಾನೇ ತಂದಿದ್ದ. ದೊಡ್ಡ ತಗಡಿನ ಊಟದ ಪೆಟ್ಟಿಗೆ. ದುಃಖದ ಮನೆಗೆ ಬಂದ ಅನ್ನವನ್ನು ತಾನು ಮುಟ್ಟಬಾರದು ಎಂದು ತಂದಿದ್ದಾನೆ ಎಂದುಕೊಂಡೆ.

ನಾವು ಹಿಂತಿರುಗಿದಾಗ ಅವನು ಅಡಿಗೆಮನೆ ಗುಡಿಸಿ ಒರೆಸಿದ್ದ. ಬಂದ ಪಾತ್ರೆಗಳನ್ನೆಲ್ಲ ತೊಳೆದು, ತಳಕ್ಕೆ ಅಂಟಿಸಿದ ಹೆಸರುಗಳನ್ನು ನೋಡಿ, ಯಾವುದು ಯಾರದು ಎಂದು ಸಾಲಾಗಿ ಜೋಡಿಸಿದ್ದ. ವರ್ನಿಯ ಕಪ್ ಮಾತ್ರ ತಪ್ಪು ಮೊಳೆಯಲ್ಲಿತ್ತು. ಅದನ್ನು ಕಂಡಾಗ ಆ ದಿನ ಮೊದಲ ಸಲ ನನಗೆ ಅಳು ಬಂತು. ಅಂದಿನಿಂದ ಪ್ರತಿ ಬೆಳಿಗ್ಗೆ ತಿಂಡಿಯ ಮುಂದೆ ಕೈ ಜೋಡಿಸಿದಾಗ ದೇವರಿಗೆ ಅವನ ಹೆಸರು ಹೇಳಿ ವಂದನೆ ಸಲ್ಲಿಸುತ್ತಿದ್ದೆ. ಈಸ್ಟರ್ ಕಳೆದ ಒಂದು ಭಾನುವಾರ ಸಭೆಯಲ್ಲಿ ಎದ್ದು ನಿಂತು ಎಲ್ಲರ ಮುಂದೆಯೂ ಹೇಳಿದೆ. ಕ್ಲೀಟ್ ತಲೆ ತಗ್ಗಿಸಿ ಕೂತಿದ್ದ. ವಿನಯ ಎಂದುಕೊಂಡೆ.

ನನ್ನ ಕಸುಬು ಓಟದ ಕಾರುಗಳ ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬುರೇಟರ್ ಬಿಚ್ಚಿ ಕೂಡಿಸುವುದು. ನಮ್ಮೂರಿನ ಕೆಮ್ಮಣ್ಣಿನ ಬಯಲಿನಲ್ಲಿ ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಶನಿವಾರ ಸಂಜೆ ಓಟವಿರುತ್ತದೆ. ಎಲ್ಲ ಕಾರಿಗೂ ಒಂದೇ ಅಳತೆಯ ಕಾರ್ಬುರೇಟರ್ ಇರಬೇಕು ಎಂಬುದು ನಿಯಮ. ಗಾಳಿ ಒಳಹೋಗುವ ಅದರ ಗಂಟಲನ್ನು ಒಂದು ಕೂದಲಿನಷ್ಟು ಕೊರೆದರೂ ಹೆಚ್ಚು ಗಾಳಿ ಹೋಗುತ್ತದೆ, ಕಾರು ಇನ್ನೂ ಜೋರಾಗಿ ಓಡುತ್ತದೆ. ಅದನ್ನು ಹಿಡಿಯಲು ಪರೀಕ್ಷಕ ಹಾಯ್ಟ್ ಮೇಬ್ರಿಯ ಬಳಿ ಅಳತೆ ನೋಡುವ ಒಂದು ಉಕ್ಕಿನ ಗೇಜು ಇದೆ. ಗಂಟಲಿನಲ್ಲಿ ಗೇಜು ನಿಂತರೆ ಸರಿ, ಇಳಿದುಹೋದರೆ ಕಳ್ಳತನ. ಆದರೆ ನಾನು ಕೂಡಿಸಿದ ಕಾರ್ಬುರೇಟರಿಗೆ ಹಾಯ್ಟ್ ಗೇಜು ಇಳಿಸುತ್ತಿರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಬಯಲಿನವರು ನನಗೊಂದು ಮುದ್ರೆಯ ಇಕ್ಕಳ ಕೊಟ್ಟಿದ್ದರು. ಕಾರ್ಬುರೇಟರ್ ಮುಚ್ಚಿದ ಮೇಲೆ ಸ್ಕ್ರೂಗಳ ತಲೆಯ ತೂತಿನಲ್ಲಿ ತಂತಿ ಪೋಣಿಸಿ, ಸೀಸದ ಬಿಲ್ಲೆ ಹಾಕಿ, ಇಕ್ಕಳದಿಂದ ಒತ್ತಿದರೆ ಬಿಲ್ಲೆಯ ಮೇಲೆ ಒಂದು ಸಣ್ಣ ಶಿಲುಬೆ ಮೂಡುತ್ತದೆ. ತಂತಿ ಕತ್ತರಿಸದೆ ಯಾವ ಸ್ಕ್ರೂವನ್ನೂ ಎಳೆಯಷ್ಟು ತಿರುಗಿಸಲಾಗದು. ಆ ಶಿಲುಬೆ ನನ್ನ ಮಾತು. ಅದು ಇದ್ದರೆ ಒಳಗೆ ಎಲ್ಲ ನಿಯಮದಂತಿದೆ ಎಂದು ನಾನು ದೇವರ ಮುಂದೆ ಹೇಳಿದಂತೆ.

ಆ ಇಕ್ಕಳ ಮನೆಯ ಹಿಂದೆ ಕೊಟ್ಟಿಗೆಯಲ್ಲಿರುವ ನನ್ನ ಕೆಲಸದ ಮೇಜಿನ ಖಾನೆಯಲ್ಲಿ ಬೀಗವಿಲ್ಲದೆ ಇರುತ್ತಿತ್ತು. ನಮ್ಮಲ್ಲಿ ಯಾರೂ ಅದನ್ನು ಮುಟ್ಟುತ್ತಾರೆಂದು ನನಗೆ ಎಂದೂ ಅನ್ನಿಸಿರಲಿಲ್ಲ.

ಸೆಪ್ಟೆಂಬರ್ ಕೊನೆಯ ವಾರ, ಬುಧವಾರ ಬೆಳಿಗ್ಗೆ ಟ್ರೂಡಿ ಬಂದಳು. ಕ್ಲೀಟನ ಒಬ್ಬಳೇ ಮಗಳು, ಇಪ್ಪತ್ತಾರು ವರ್ಷ. ವಾರವೆಲ್ಲ ಶಾಲೆಯ ಬಸ್ಸು ಓಡಿಸುತ್ತಾಳೆ, ಶನಿವಾರ ಓಟದ ಕಾರು. ಆ ವರ್ಷ ಒಂಬತ್ತು ಓಟ ಗೆದ್ದಿದ್ದಳು. ಬರುವ ಶನಿವಾರ ಕೊನೆಯ ಓಟ. ಅದರಲ್ಲಿ ಸುಮ್ಮನೆ ಮುಗಿಸಿ ಬಂದರೂ ಆ ವರ್ಷದ ಕಿರೀಟ ಅವಳದು. ಪಾತ್ರೆ ತೊಳೆಯುವ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕಾರ್ಬುರೇಟರ್ ಇಟ್ಟುಕೊಂಡು ಬಂದು ನನ್ನ ಮೇಜಿನ ಮೇಲೆ ಕುಕ್ಕಿದಳು.

"ಏಮಸ್ ಮಾಮ, ಇದು ಮೂತ್ರ ತಡೆಯಲಾರದ ಮುದುಕನ ಹಾಗೆ ಸೋರ್ತಾ ಇದೆ. ನಿಮ್ಮನ್ನ ಅಂತಿಲ್ಲ, ಬೇರೆ ಮುದುಕನ್ನ."

"ಎಷ್ಟು ದಿನದಿಂದ?"

"ಜುಲೈಯಿಂದ ವಾಸನೆ ಬರ್ತಿತ್ತು. ಈಗ ಮುಂದಿನ ಬಟ್ಟಲಿಂದ ಹನಿ ಹನಿ ಬೀಳುತ್ತೆ, ಕೆಳಗೆ ಬಿಸಿ ಎಂಜಿನ್ ಮೇಲೆ ಚುಂಯ್ ಅನ್ನುತ್ತೆ. ಅಪ್ಪನಿಗೆ ಹೇಳಿದೆ. ನೋಡಿ, ಏನು ಮಾಡಿದಾರೆ ಅಂತ."

ಪೆಟ್ರೋಲ್ ನಿಲ್ಲುವ ಆ ಬಟ್ಟಲಿನ ಸಂದಿನುದ್ದಕ್ಕೂ ಏನೋ ಬಿಳಿಯದು ಮೆತ್ತಿತ್ತು. ಮೂಸಿದೆ. ಮೈಗೆ ಹಚ್ಚುವ ಸೋಪು.

"ಸೋಪಾ?"

"ಸೋಪೇ! 'ನಮ್ಮಪ್ಪ ಟ್ರ್ಯಾಕ್ಟರಿಗೆ ಹಚ್ತಿದ್ದ, ನಿಲ್ಲುತ್ತೆ' ಅಂದ್ರು. ಏಮಸ್ ಮಾಮನ ಹತ್ತಿರ ಒಯ್ಯೋಣ ಅಂದ್ರೆ, ಪಾಪ ಅವರು ದುಃಖದಲ್ಲಿದಾರೆ, ತೊಂದರೆ ಕೊಡಬೇಡ ಅಂತಾರೆ. ಅದಕ್ಕೆ ಅವರು ಏಳೋ ಮುಂಚೆ ಬಿಚ್ಚಿಕೊಂಡು ಬಂದೆ. ಸುಟ್ಟು ಕರಕಲಾಗೋಳು ನಾನು ತಾನೇ?"

ಅವಳು ಬಸ್ಸಿಗೆ ಹೊತ್ತಾಯಿತೆಂದು ಓಡಿದಳು. ನಾನು ಕನ್ನಡಕ ಹಾಕಿಕೊಂಡು ಸೋಪು ಕೆರೆದು ಒರೆಸಿದೆ. ಈ ಕಾರ್ಬುರೇಟರನ್ನು ನಾನು ಫೆಬ್ರವರಿಯಲ್ಲಿ ಕೂಡಿಸಿ ಮುದ್ರೆ ಒತ್ತಿ ಕೊಟ್ಟಿದ್ದೆ. ಆಮೇಲೆ ಇಡೀ ವರ್ಷ ಕ್ಲೀಟ್ ಅದನ್ನು ತಂದಿರಲಿಲ್ಲ. ಕೇಳಿದರೆ, "ನಿನ್ನ ಕೈ ತಾಗಿದ್ದಕ್ಕೆ ಎರಡನೇ ಸಲ ಕೈ ತಾಗಬೇಕಾ ಏಮಸ್?" ಎಂದು ನಗುತ್ತಿದ್ದ. ಆ ಮಾತು ನನಗೆ ಹಿತವಾಗಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

ತಂತಿ ಕತ್ತರಿಸಲು ಹೋದೆ. ಅಭ್ಯಾಸದಂತೆ ಮೊದಲು ಸೀಸದ ಬಿಲ್ಲೆಯನ್ನು ಬೆಳಕಿಗೆ ಹಿಡಿದೆ. ಶಿಲುಬೆಗೆ ಒಂದು ಕೈ ಇರಲಿಲ್ಲ.

ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತೆ.

ವರ್ನಿ ತೀರಿಕೊಂಡದ್ದು ಮಾರ್ಚ್ ತಿಂಗಳ ಒಂದು ಮಂಗಳವಾರ. ನಾನು ಇದೇ ಮೇಜಿನ ಬಳಿ ಇಕ್ಕಳ ಹಿಡಿದು ನಿಂತಿದ್ದೆ. ಕಾಯಿಲೆಯಲ್ಲಿ ಮಲಗಿದ್ದ ಅವಳನ್ನು ನೋಡಿಕೊಳ್ಳುತ್ತಿದ್ದ ದಾದಿ ಅಡಿಗೆಮನೆಯ ಬಾಗಿಲಿನಿಂದ ನನ್ನ ಹೆಸರು ಕೂಗಿದಳು. ಆ ಕೂಗಿನಲ್ಲೇ ಎಲ್ಲ ತಿಳಿಯಿತು. ಇಕ್ಕಳ ಕೈಯಿಂದ ಜಾರಿ ಸಿಮೆಂಟಿನ ನೆಲಕ್ಕೆ ಬಿತ್ತು. ಯಾವಾಗಲೋ ಎತ್ತಿ ಖಾನೆಯಲ್ಲಿ ಹಾಕಿದೆ. ಶುಕ್ರವಾರ ಮಣ್ಣು ಮಾಡಿದೆವು. ಮುಂದಿನ ಸೋಮವಾರ, ಏನಾದರೂ ಕೆಲಸ ಮಾಡದಿದ್ದರೆ ಹುಚ್ಚು ಹಿಡಿದೀತು ಎಂದು ಮೇಜಿಗೆ ಬಂದಾಗ ನೋಡಿದರೆ ಇಕ್ಕಳದ ಅಚ್ಚಿನಲ್ಲಿ ಶಿಲುಬೆಯ ಎಡಗೈ ಮುರಿದಿತ್ತು. ಸಣ್ಣ ಅರದಿಂದ ಅಚ್ಚನ್ನು ಹೊಸದಾಗಿ ಕೆತ್ತಿದೆ. ಅದಕ್ಕೆ ಮುಂಚೆ ಒತ್ತಿದವೆಲ್ಲ ತುಂಬು ಶಿಲುಬೆ. ಆಮೇಲಿನವು ತೆಳ್ಳಗಿನ ಶಿಲುಬೆ. ಕೈ ಮುರಿದ ಶಿಲುಬೆ ಮೂಡಬಹುದಾಗಿದ್ದದ್ದು ಆ ಆರು ದಿನಗಳಲ್ಲಿ ಮಾತ್ರ. ಆ ಆರು ದಿನ ನಾನು ಯಾವ ಮುದ್ರೆಯನ್ನೂ ಒತ್ತಿರಲಿಲ್ಲ. ಆ ಆರು ದಿನಗಳಲ್ಲಿ ನನ್ನ ಮನೆಯಲ್ಲಿ ಒಂಟಿಯಾಗಿ ಇದ್ದವನು ಒಬ್ಬನೇ.

ಕೊನೆಗೆ ತಂತಿ ಕತ್ತರಿಸಿ ಬಿಚ್ಚಿದೆ. ಮುಂದಿನ ಬಟ್ಟಲಿನ ನಾಲ್ಕು ಸ್ಕ್ರೂಗಳೂ ಕಿರುಗುಟ್ಟಿಕೊಂಡು ಬಂದವು. ಅಷ್ಟು ಬಿಗಿದಿದ್ದರು. ಸಂದು ಸೋರದಂತೆ ಒಳಗೆ ಕೂರಿಸುವ ಗ್ಯಾಸ್ಕೆಟ್ ಹಳೆಯದು, ಒಮ್ಮೆ ಬಿಚ್ಚಿದ್ದನ್ನೇ ಮತ್ತೆ ಹಾಕಿದ್ದು. ಒಂದು ಮೂಲೆ ಹರಿದು ಹುಡಿಯಾಗಿತ್ತು. ಹಳೆಯ ಗ್ಯಾಸ್ಕೆಟ್ ಕೂರುವುದಿಲ್ಲ ಎಂದು ಅನುಮಾನ ಬಂದು, ಹೆದರಿ, ಇನ್ನಷ್ಟು ಬಿಗಿದಿದ್ದಾರೆ. ಹಾಗೆ ಬಿಗಿದರೆ ಬಟ್ಟಲಿಗೂ ಗಂಟಲಿರುವ ಒಡಲಿಗೂ ನಡುವೆ ಕೂರುವ ಅಲ್ಯೂಮಿನಿಯಂ ಬ್ಲಾಕು ಬಾಗುತ್ತದೆ. ಬಾಗಿದ ಮೇಲೆ ಮೊದಲು ವಾಸನೆ, ಆಮೇಲೆ ಒದ್ದೆ, ಆಮೇಲೆ ಹನಿ. ಉಕ್ಕಿನ ಪಟ್ಟಿಯನ್ನು ಅದರ ಮೇಲೆ ಅಡ್ಡ ಇಟ್ಟರೆ ಕೆಳಗಿನಿಂದ ಬೆಳಕು ಕಾಣುತ್ತಿತ್ತು. ಇನ್ನು ಒಡಲು. ಅದು ನಾನು ಕೊಟ್ಟದ್ದಲ್ಲ. ಗಂಟಲು ಕನ್ನಡಿಯಂತೆ ಹೊಳೆಯುತ್ತಿತ್ತು. ನನ್ನ ಬಳಿಯೂ ಹಾಯ್ಟ್‌ನ ಗೇಜಿನಂಥದೇ ಒಂದು ಇದೆ. ಅದನ್ನು ಇಳಿಬಿಟ್ಟೆ. ಎಲ್ಲೂ ನಿಲ್ಲದೆ ಇಳಿದು ಟಣ್ ಎಂದು ಮೇಜಿಗೆ ಬಡಿಯಿತು.

ಮಧ್ಯಾಹ್ನದ ಹೊತ್ತಿಗೆ ಕ್ಲೀಟ್ ಬಂದ. ಟ್ರಕ್ಕಿನ ಬಾಗಿಲನ್ನೂ ಮುಚ್ಚದೆ ಓಡಿಬಂದಿದ್ದ. ಮೇಜಿನ ಮೇಲೆ ಬಿಚ್ಚಿ ಹರಡಿದ್ದನ್ನು ನೋಡಿ ಹೊಸ್ತಿಲಲ್ಲೇ ನಿಂತ.

"ಬಿಚ್ಚಿಬಿಟ್ಯಾ?"

"ಬಿಚ್ಚದೆ ಸೋರೋದು ನಿಲ್ಲಿಸೋಕೆ ನನಗೆ ಬರಲ್ಲ ಕ್ಲೀಟ್. ನಿನ್ನ ಹಾಗೆ ಸೋಪು ಹಚ್ಚೋ ವಿದ್ಯೆ ಕಲಿತಿಲ್ಲ."

ಅವನು ನಗಲು ನೋಡಿದ. ನಗು ಬರಲಿಲ್ಲ. ನಾನು ಸೀಸದ ಬಿಲ್ಲೆಯನ್ನು ಅವನ ಕಡೆ ತಳ್ಳಿದೆ.

"ಯಾವತ್ತು ಒತ್ತಿದೆ?"

ಅವನು ಬಿಲ್ಲೆಯನ್ನು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟ.

"ಯಾವತ್ತು ಅಂತ ನನಗೆ ಗೊತ್ತು. ನಿನ್ನ ಬಾಯಲ್ಲಿ ಕೇಳಬೇಕು."

"ಅವತ್ತೇ," ಎಂದ. ಆಮೇಲೆ ಮಾತು ಒಟ್ಟಿಗೆ ಹೊರಬಂತು. "ಒಂದು ನಿಮಿಷದ ಕೆಲಸ ಕಣೋ. ಒಂದೇ ನಿಮಿಷ. ಉಳಿದ ಹೊತ್ತೆಲ್ಲ ನಾನು ನಿಜವಾಗ್ಲೂ ಮನೆ ಕಾದೆ. ಬಾಗಿಲು ತೆಗೆದೆ, ಪಾತ್ರೆ ತೊಳೆದೆ, ವರ್ನಿಯ ಅಡಿಗೆಮನೆ ಒರೆಸಿದೆ. ಅದೆಲ್ಲ ಸುಳ್ಳಾ?"

"ಕಾರ್ಬುರೇಟರು ಊಟದ ಪೆಟ್ಟಿಗೆಯಲ್ಲಿತ್ತಾ?"

ಅವನು ಕಣ್ಣು ಮುಚ್ಚಿಕೊಂಡ. ಅಂದರೆ ಹಿಂದಿನ ಸಂಜೆ ನನ್ನ ಹೆಗಲ ಮೇಲೆ ಕೈಯಿಟ್ಟಾಗಲೇ ಅವನು ಮನಸ್ಸು ಮಾಡಿಕೊಂಡಿದ್ದ.

"ಟ್ರೂಡಿಗೆ ಗೊತ್ತಾ?"

"ದೇವರಾಣೆ ಇಲ್ಲ. ಅವಳು ಓಟ ಬಿಟ್ಟುಬಿಡ್ತೀನಿ ಅಂತಿದ್ಲು ಏಮಸ್. ಮೂರು ವರ್ಷ ಒಂದೂ ಗೆದ್ದಿರಲಿಲ್ಲ. ಅವಳ ಅಮ್ಮ ಬಿಟ್ಟುಹೋದ ಮೇಲೆ ನಮ್ಮಿಬ್ಬರಿಗೂ ಇರೋದು ಆ ಕಾರೊಂದೇ. ಒಂದು ಸಲ ಗೆದ್ದರೆ ಸಾಕು, ಆಮೇಲೆ ಬದಲಾಯಿಸ್ತೀನಿ ಅಂದುಕೊಂಡೆ. ಗೆದ್ದ ಮೇಲೆ ಅವಳ ಮುಖ ನೋಡಿ ಬದಲಾಯಿಸೋಕೆ ಆಗಲಿಲ್ಲ."

"ಕೇಳಿದ್ರೆ ನಾನೇ ಬೇರೆ ದಾರಿ ಹೇಳ್ತಿದ್ದೆ. ಅವಳಿಗೆ ತಿರುವಿನಲ್ಲಿ ಪೆಟ್ರೋಲ್ ಹಿಂದಕ್ಕೆ ನುಗ್ಗುತ್ತೆ, ಅದಕ್ಕೆ ಎಂಜಿನ್ ಉಸಿರುಕಟ್ಟುತ್ತೆ. ಫ್ಲೋಟು ಒಂದು ಎಳೆ ಇಳಿಸಿ ಬಟ್ಟಲಲ್ಲಿ ಪೆಟ್ರೋಲ್ ಮಟ್ಟ ತಗ್ಗಿಸಿದ್ರೆ ಸರಿಹೋಗ್ತಿತ್ತು."

"ಆಗ ನೀನು ವರ್ನಿ ಹಾಸಿಗೆ ಪಕ್ಕ ಕೂತಿದ್ದೆಯಲ್ಲ. ಹೇಗೆ ಕೇಳಲಿ?"

ಅವನು ಸ್ಟೂಲು ಎಳೆದುಕೊಂಡು ಹತ್ತಿರ ಕೂತ. ದನಿ ತಗ್ಗಿಸಿದ. "ನಿನ್ನ ಕಪಾಟಿನಲ್ಲಿ ಕೊರೆಯದ ಒಡಲು ಇರಬೇಕಲ್ಲ? ಅದನ್ನೇ ಕೂಡಿಸಿಕೊಡು. ಮೇಲೆ ನಿನ್ನ ಮುದ್ರೆ. ಶನಿವಾರದಿಂದ ಎಲ್ಲ ಸರಿ. ಯಾರಿಗೂ ಗೊತ್ತಾಗಲ್ಲ. ನನ್ನ ಮಗಳೂ ಉಳೀತಾಳೆ, ನಿನ್ನ ಹೆಸರೂ ಉಳಿಯುತ್ತೆ."

ಒಂದು ಗಳಿಗೆ ಅದು ನನಗೆ ಸರಿಯೆಂದೇ ತೋರಿತು. ಎಪ್ಪತ್ತೊಂದು ವರ್ಷದ ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಇದ್ದವನು ಈ ಗೆಳೆಯ ಒಬ್ಬ. ಬಾಯಿ ಮುಚ್ಚಿಕೊಂಡರೆ ಭಾನುವಾರ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರಬಹುದು. ಆದರೆ ಆ ಒಂಬತ್ತು ಓಟಗಳಲ್ಲಿ ಎರಡನೆಯವರಾಗಿ ಬಂದವರು ನನ್ನ ಶಿಲುಬೆಯನ್ನು ನಂಬಿ ಸೋಲೊಪ್ಪಿಕೊಂಡಿದ್ದರು.

"ಒಡಲು ಹಾಕಿಕೊಡ್ತೀನಿ," ಎಂದೆ. "ಅವಳು ಸುಟ್ಟುಹೋಗಬಾರದು, ಮೋಸದ ಕಾರಿನಲ್ಲೂ ಓಡಬಾರದು. ಆದ್ರೆ ಶನಿವಾರ ಪರೀಕ್ಷೆಗೆ ಮುಂಚೆ ನೀನೇ ಹಾಯ್ಟ್ ಹತ್ತಿರ ಹೋಗಿ ಹೇಳಬೇಕು. ನಾನು ಹೇಳಿದ್ರೆ ಚಾಡಿ. ನೀನು ಹೇಳಿದ್ರೆ ಪಶ್ಚಾತ್ತಾಪ."

"ಒಂಬತ್ತೂ ಹೋಗುತ್ತೆ."

"ಹೋಗುತ್ತೆ."

ಅವನು ಅತ್ತ. ನನ್ನ ಕೈ ಹಿಡಿದು, "ಹೇಳ್ತೀನಿ ಏಮಸ್. ವರ್ನಿಯಾಣೆ ಹೇಳ್ತೀನಿ," ಎಂದ. ನಾನು ಎರಡನೆಯ ಸಲ ನಂಬಿದೆ.

ಗುರುವಾರ, ಶುಕ್ರವಾರ ಎರಡು ದಿನ ಆ ಕಾರ್ಬುರೇಟರಿನ ಮೇಲೆ ಕೆಲಸ ಮಾಡಿದೆ. ಹೊಸ ಬ್ಲಾಕು, ಹೊಸ ಗ್ಯಾಸ್ಕೆಟ್, ಹೊಸ ಸ್ಕ್ರೂಗಳು, ಅವುಗಳ ತಲೆಯಡಿ ಹೊಸ ವಾಷರು. ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದು, ಗ್ಯಾಸ್ಕೆಟ್ ಮೆತ್ತಗೆ ಹಿಡಿಯಿತು ಎಂದು ಬೆರಳಿಗೆ ತಿಳಿದ ಕಡೆ ನಿಲ್ಲಿಸಿದೆ. ಅದು ಕೈಗೆ ಮಾತ್ರ ತಿಳಿಯುವಂಥದು, ಯಾರಿಗೂ ಹೇಳಿಕೊಡಲಾಗದು. ಕೊಟ್ಟಿಗೆಯಲ್ಲಿ ಪರೀಕ್ಷೆಗೆಂದು ಇಟ್ಟ ಎಂಜಿನ್ ಮೇಲೆ ಕೂರಿಸಿ ನಡೆಸಿದೆ. ಬಟ್ಟಲಿನ ಪಕ್ಕೆಯ ಸಣ್ಣ ಸ್ಕ್ರೂ ತೆಗೆದರೆ ಪೆಟ್ರೋಲ್ ಆ ತೂತಿನ ಕೆಳಗಿನ ಅಂಚನ್ನು ಒದ್ದೆ ಮಾಡಬೇಕು, ಹೊರಕ್ಕೆ ಹರಿಯಬಾರದು. ಟ್ರೂಡಿಯ ತಿರುವಿಗಾಗಿ ಮಟ್ಟವನ್ನು ಅದಕ್ಕಿಂತ ಎಳೆಯಷ್ಟು ಇಳಿಸಿದೆ. ಗಾಳಿ-ಪೆಟ್ರೋಲಿನ ಸ್ಕ್ರೂಗಳನ್ನು ಎಂಜಿನ್ನಿನ ಸದ್ದು ಕೇಳುತ್ತ ಕಾಲು ಸುತ್ತು, ಅರ್ಧ ಕಾಲು ಸುತ್ತು ತಿರುಗಿಸಿದೆ. ಬಿಳಿ ಕಾಗದವನ್ನು ಬಟ್ಟಲಿನ ಕೆಳಗೆ ಹಾಸಿ ಒಂದು ಗಂಟೆ ಬಿಟ್ಟೆ. ಕಾಗದ ಬಿಳಿಯಾಗಿಯೇ ಉಳಿಯಿತು. ಮನಸ್ಸು ಕೆಟ್ಟಿದ್ದಾಗಲೂ ಕೈ ಇಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ಕಂಡು ನನಗೇ ಬೇಸರವಾಯಿತು.

ಮುದ್ರೆ ಒತ್ತಲಿಲ್ಲ. ಹಾಯ್ಟ್ ತಾನೇ ಗೇಜು ಇಳಿಸಿ ನೋಡಲಿ ಎಂದು ಬರಿಯ ಸ್ಕ್ರೂಗಳೊಂದಿಗೇ ಟ್ರೂಡಿಗೆ ಕೊಟ್ಟೆ. ಬಾಗಿದ ಬ್ಲಾಕು, ಹರಿದ ಗ್ಯಾಸ್ಕೆಟ್, ಹಳೆಯ ಸ್ಕ್ರೂಗಳು, ಕತ್ತರಿಸಿದ ತಂತಿ, ಕೊರೆದ ಒಡಲು ಇವನ್ನು ಒಂದು ಬಟ್ಟೆಯಲ್ಲಿ ಸುತ್ತಿ ನನ್ನ ಟ್ರಕ್ಕಿನಲ್ಲಿಟ್ಟೆ. ಏಕೆ ಇಟ್ಟೆನೋ ತಿಳಿಯದು.

ಶನಿವಾರ ನಾಲ್ಕು ಗಂಟೆಗೆ ಬಯಲಿಗೆ ಹೋದೆ. ಪರೀಕ್ಷೆಯ ಮೇಜಿನ ಮುಂದೆ ಕಾರುಗಳು ಸಾಲುಗಟ್ಟಿದ್ದವು. ನನ್ನನ್ನು ಕಂಡ ಕೂಡಲೇ ಇಬ್ಬರು ಮೂವರು ಟೋಪಿ ತೆಗೆದರು. ಹಾಗೇಕೆ ಎಂದು ಅರ್ಥವಾಗಲಿಲ್ಲ. ಹಾಯ್ಟ್ ಮೇಬ್ರಿ ಮೇಜು ಬಿಟ್ಟು ಎದ್ದು ಬಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. ನಲವತ್ತು ವರ್ಷ ಎಂಜಿನ್ನುಗಳ ನಡುವೆ ಇದ್ದು ಅವನ ಕಿವಿ ಹೋಗಿದೆ. ಅವನ ಗುಟ್ಟು ಬೇರೆಯವರ ಕೂಗು.

"ಏಮಸ್, ಕ್ಲೀಟ್ ಎಲ್ಲಾ ಹೇಳಿದ. ನೀನೇನೂ ನೊಂದ್ಕೋಬೇಡ."

"ಎಲ್ಲಾ ಹೇಳಿದನಾ?"

"ವರ್ನಿ ಹೋದ ವಾರ ನಿನಗೆ ಬುದ್ಧಿ ನೆಟ್ಟಗಿರಲಿಲ್ಲ, ಕೈಗೆ ಸಿಕ್ಕ ಯಾವುದೋ ಒಡಲು ಹಾಕಿ ಮುದ್ರೆ ಒತ್ತಿಬಿಟ್ಟೆ ಅಂತ. ಅಯ್ಯೋ, ಯಾರಿಗಾದ್ರೂ ಆಗೋದೇ. ನಾನು ನಮ್ಮಪ್ಪ ಸತ್ತಾಗ ಹಸುವಿಗೆ ಹಂದಿಯ ಮೇವು ಹಾಕಿದ್ದೆ. ನೀನು ಇಕ್ಕಳ ನನ್ನ ಕೈಲಿ ಕೊಡು, ಮಾತು ಇಲ್ಲಿಗೆ ಮುಗೀತು. ಗೆಲುವೂ ಹಾಗೇ ಇರ್ಲಿ. ಹುಡುಗಿಯ ತಪ್ಪೇನಿದೆ?"

ಸಾಲಿನಲ್ಲಿದ್ದವರೆಲ್ಲ ಕೇಳಿದರು. ಎಲ್ಲರ ಮುಖದಲ್ಲೂ ಕರುಣೆ ಇತ್ತು. ಕ್ಲೀಟ್ ತನ್ನ ಕಾರಿನ ಪಕ್ಕ ನಿಂತು ಟೈರು ನೋಡುತ್ತಿದ್ದ.

ಅವನು ಸುಮ್ಮನಿದ್ದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ. ವರ್ನಿಯ ಸಾವನ್ನು ಎರಡು ಸಲ ಬಳಸಿಕೊಂಡ. ಮೊದಲು ಒಳಗೆ ಬರಲು ಬಾಗಿಲು ಮಾಡಿಕೊಂಡ, ಈಗ ಹೊರಗೆ ಹೋಗಲು.

ನಾನು ಅಂಗಿಯ ಜೇಬಿನಿಂದ ಸೀಸದ ಬಿಲ್ಲೆ ತೆಗೆದೆ. "ಇದನ್ನ ನೋಡು ಹಾಯ್ಟ್. ಶಿಲುಬೆಯ ಕೈ ಮುರಿದಿದೆ. ಇದು ಒತ್ತಿದ್ದು ವರ್ನಿ ಹೋದ ವಾರವೇ..." ಎಂದು ಶುರುಮಾಡಿ ಅಲ್ಲಿಗೇ ನಿಂತೆ. ನನ್ನ ಸಾಕ್ಷಿ ಕ್ಲೀಟನ ಮಾತನ್ನೇ ಹೇಳುತ್ತಿತ್ತು.

"ಅದೇ ತಾನೇ ಅವನೂ ಹೇಳಿದ್ದು?" ಎಂದ ಹಾಯ್ಟ್, ಮಗುವಿಗೆ ಹೇಳುವಂತೆ.

ನಾನು ತಿರುಗಿ ಟ್ರಕ್ಕಿನ ಕಡೆ ನಡೆದೆ. ಇಕ್ಕಳ ಕೊಟ್ಟು ಮನೆಗೆ ಹೋಗಬಹುದಿತ್ತು. ಜನ ಕರುಣೆಯಿಂದಲೇ ಮರೆಯುತ್ತಿದ್ದರು. ಆದರೆ ನಾನೇ ಒಪ್ಪಿಕೊಂಡರೆ, ಹೆಂಡತಿಯನ್ನು ಕಳೆದುಕೊಂಡ ವಾರ ನಾನು ಮೇಜಿಗೆ ಹೋಗಿ ಕೂತಿದ್ದೆ ಎಂದು ಒಪ್ಪಿಕೊಂಡಂತೆ. ಅವಳು ಹೋದ ಮೇಲೆ, ಮಣ್ಣು ಮಾಡಲು ಹೋದದ್ದು ಬಿಟ್ಟರೆ, ಸೋಮವಾರದ ತನಕ ನಾನು ಅವಳ ಬರಿದಾದ ಹಾಸಿಗೆಯ ಅಂಚಿನಲ್ಲೇ ಕೂತಿದ್ದೆ. ಅದನ್ನು ಬಿಟ್ಟುಕೊಡಲು ನನ್ನಿಂದಾಗಲಿಲ್ಲ. ಬಟ್ಟೆಯ ಗಂಟನ್ನು ತಂದು ಪರೀಕ್ಷೆಯ ಮೇಜಿನ ಮೇಲೆ ಬಿಚ್ಚಿಟ್ಟೆ.

"ನಾನೇನೂ ಹೇಳಲ್ಲ ಹಾಯ್ಟ್. ನೀನೂ ಕೆಲಸಗಾರ. ಇದನ್ನ ಕೂಡಿಸಿದೋರು ಯಾರು ಅಂತ ನೀನೇ ನೋಡು."

ಹಾಯ್ಟ್ ಹರಿದ ಗ್ಯಾಸ್ಕೆಟ್ಟನ್ನು ಎತ್ತಿ ಉಗುರಿನಿಂದ ಕೆರೆದ. ಸ್ಕ್ರೂಗಳ ತಲೆ ನೋಡಿದ. ಸ್ಕ್ರೂಡ್ರೈವರ್ ಜಾರಿ ಅಂಚು ಎದ್ದಿತ್ತು. ಬ್ಲಾಕಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿದ. ಕೆಳಗಿನಿಂದ ಸಂಜೆಯ ಬೆಳಕು ಬಂತು.

"ಆಮೇಲೆ ಸೋರಿದಾಗ ಯಾರಾದ್ರೂ ಬಿಗಿದಿರಬಹುದು," ಎಂದ, ತನಗೇ ಹೇಳಿಕೊಳ್ಳುವಂತೆ.

"ತಂತಿ ಇದ್ದಾಗ ಬಿಗಿಯೋಕೆ ಆಗುತ್ತಾ?" ಎಂದವಳು ಟ್ರೂಡಿ. ಯಾವಾಗ ಬಂದು ನಿಂತಿದ್ದಳೋ. ಹೆಲ್ಮೆಟ್ ಕಂಕುಳಲ್ಲಿತ್ತು. "ಮುದ್ರೆ ನಾನೇ ನೋಡಿದೀನಿ, ಬುಧವಾರದ ತನಕ ಯಾರೂ ಮುಟ್ಟಿರಲಿಲ್ಲ. ಬಿಗಿದೋರೇ ಮುದ್ರೆ ಒತ್ತಿದಾರೆ."

ಹಾಯ್ಟ್ ಬ್ಲಾಕನ್ನು ಕೆಳಗಿಟ್ಟ. "ಏಮಸ್ ತಲೆ ಕೆಟ್ಟು ತಪ್ಪು ಒಡಲು ಹಾಕಬಹುದು," ಎಂದ. "ನಿದ್ದೆಗಣ್ಣಲ್ಲಿ ಕೂಡ ಅವನ ಕೈ ಹೀಗೆ ಬಿಗಿಯಲ್ಲ. ಈ ಕೈ ಅವನದಲ್ಲ."

ಟ್ರೂಡಿ ಆ ಸ್ಕ್ರೂಗಳಲ್ಲಿ ಒಂದನ್ನು ಎತ್ತಿಕೊಂಡು ಎದ್ದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. "ನಮ್ಮನೇಲಿ ಅಪ್ಪ ಮುಚ್ಚಿದ ಉಪ್ಪಿನಕಾಯಿ ಜಾಡಿ ತೆಗೆಯೋಕೂ ಇಕ್ಕಳ ಬೇಕು," ಎಂದಳು ಮೆಲ್ಲಗೆ. ಆಮೇಲೆ ತಿರುಗಿ ಕರೆದಳು. "ಅಪ್ಪಾ?"

ಕ್ಲೀಟ್ ತಲೆ ಎತ್ತಲಿಲ್ಲ. ಅಷ್ಟು ಸಾಕಾಯಿತು.

ಒಂಬತ್ತು ಗೆಲುವುಗಳನ್ನೂ ಹಾಯ್ಟ್ ಹಲಗೆಯಿಂದ ಒರೆಸಿದ. ಕ್ಲೀಟ್ ಇನ್ನು ಆ ಬಯಲಿನೊಳಗೆ ಕಾಲಿಡುವಂತಿಲ್ಲ ಎಂದ. ಕಾರಿನ ಮೇಲಿದ್ದ ಕಾರ್ಬುರೇಟರಿಗೆ ಗೇಜು ಇಳಿಸಿದ. ಅದು ಗಂಟಲಿನಲ್ಲಿ ನಿಂತಿತು. "ಓಡಿಸೋದಾದ್ರೆ ಓಡಿಸು ಮಗಳೇ. ಕಿರೀಟ ಇಲ್ಲ."

ಅವಳು ನನ್ನನ್ನು ನೋಡಿದಳು. "ಈಗ ಮೇಲಿರೋದು ನಿಮ್ಮ ಕೈಯದಾ ಮಾಮ?"

"ನನ್ನದೇ."

"ಸೋರಲ್ಲ ತಾನೇ?"

"ಸೋರಲ್ಲ."

ಅವಳು ಹೆಲ್ಮೆಟ್ ಹಾಕಿಕೊಂಡಳು. ಅದರೊಳಗೆ ಅತ್ತಳೋ ಏನೋ ತಿಳಿಯದು. ನಾಲ್ಕನೆಯವಳಾಗಿ ಬಂದಳು. ತಿರುವುಗಳಲ್ಲಿ ಎಂಜಿನ್ ಒಮ್ಮೆಯೂ ಉಸಿರುಕಟ್ಟಲಿಲ್ಲ. ನಾನು ಬೇಲಿಯ ಬಳಿ ನಿಂತು ಅದನ್ನಷ್ಟೇ ಕೇಳಿದೆ. ಓಟ ಮುಗಿದ ಮೇಲೆ ಟ್ರಕ್ಕಿನಲ್ಲಿದ್ದ ಮುದ್ರೆಯ ಇಕ್ಕಳವನ್ನು ತಂದು ಹಾಯ್ಟ್‌ನ ಮೇಜಿನ ಮೇಲೆ ಇಟ್ಟೆ. ಅವನು, "ಇದು ನಿನ್ನ ಹತ್ತಿರವೇ ಇರ್ಲಿ, ಮಾರಾಯ," ಎಂದ. ಖಾನೆಗೆ ಬೀಗ ಹಾಕದವನು ನಾನು, ಅದು ನನ್ನ ಪಾಲಿನ ತಪ್ಪು ಎಂದು ಹೇಳಿ ಬಿಟ್ಟುಬಂದೆ.

ಕ್ಲೀಟ್ ಗೇಟಿನ ಹೊರಗೆ ನನ್ನ ಟ್ರಕ್ಕಿಗೆ ಒರಗಿ ನಿಂತಿದ್ದ. ಒಂದೇ ಸಂಜೆಗೆ ಕುಗ್ಗಿಹೋಗಿದ್ದ.

"ಹೊಡಿ," ಎಂದ. "ಇಲ್ಲ ಬಯ್ಯಿ. ಏನಾದ್ರೂ ಮಾಡು. ಸುಮ್ಮನೆ ಹೋಗಬೇಡ."

ಬಯ್ಯಲು ನನಗೆ ಶಕ್ತಿ ಇರಲಿಲ್ಲ. ಬುಧವಾರದಿಂದ ಒಂದೇ ಪ್ರಶ್ನೆ ನನ್ನೊಳಗೆ ಸುತ್ತುತ್ತಿತ್ತು.

"ಒಂದು ಹೇಳು. ಅವತ್ತು ಮೊದಲು ಪಾತ್ರೆ ತೊಳೆದೆಯಾ, ಮೊದಲು ಮುದ್ರೆ ಒತ್ತಿದೆಯಾ?"

ಅವನು ನನ್ನ ಮುಖ ನೋಡಿದ. ಕುಹಕದ ಮಾತಲ್ಲ ಎಂದು ಅವನಿಗೂ ತಿಳಿಯಿತು. ಪಾತ್ರೆ ಮೊದಲಾದರೆ, ಮನಸ್ಸು ಮಾಡಿಕೊಂಡು ಬಂದಿದ್ದರೂ ಹಿಂಜರಿದು, ಕೊನೆಗೆ ಆಸೆಗೆ ಜಾರಿದ ಗೆಳೆಯ. ಮುದ್ರೆ ಮೊದಲಾದರೆ, ಆಮೇಲಿನದೆಲ್ಲ ಕೈಯ ಮಸಿ ತೊಳೆದುಕೊಂಡದ್ದು, ವರ್ನಿಯ ಕಪ್ ಸಹ. ಅವನು ಬಾಯಿ ತೆರೆದ. ನಿಜವಾಗಿಯೂ ನೆನೆಸಿಕೊಳ್ಳಲು ಪ್ರಯತ್ನಿಸಿದ. ಹುಬ್ಬು ಗಂಟಿಕ್ಕಿತು.

"ನೆನಪಿಲ್ಲ ಏಮಸ್."

ನಾನು ಟ್ರಕ್ಕು ಹತ್ತಿದೆ.

ಮರುದಿನ ಭಾನುವಾರ ಬೆಳಿಗ್ಗೆ ಮೊಟ್ಟೆ ಕರಿದುಕೊಂಡು, ರೊಟ್ಟಿಯ ಮುಂದೆ ಕೂತು ಕೈ ಜೋಡಿಸಿದೆ. ಅನ್ನಕ್ಕೆ ವಂದನೆ ಹೇಳಿದೆ, ಬೆಳಕಿಗೆ ಹೇಳಿದೆ, ವರ್ನಿಯೊಡನೆ ಕಳೆದ ವರ್ಷಗಳಿಗೆ ಹೇಳಿದೆ. ಆಮೇಲೆ ಅವನ ಹೆಸರು ಬರುವ ಜಾಗ ಬಂತು. ನಾಲಿಗೆ ಅಭ್ಯಾಸದಿಂದ ಅತ್ತ ಹೋಗಿ ನಿಂತಿತು. ಮುಂದೆ ಏನು ಹೇಳಬೇಕೆಂದು ತೋಚಲಿಲ್ಲ. ಕ್ಷಮಿಸು ಎಂದು ಬಾಯಿ ಹೇಳಬಲ್ಲದು, ದೇವರು ಬಾಯಿಯನ್ನು ಕೇಳುವುದಿಲ್ಲ.

ಕಣ್ಣು ತೆರೆದೆ. ಕಪ್ ಕಿಟಕಿಯ ಕಡೆಯ ಕೊನೆಯ ಮೊಳೆಯಲ್ಲೇ ತೂಗುತ್ತಿತ್ತು. ಎದ್ದು ಹೋಗಿ ಅದನ್ನು ಇಳಿಸಿ, ಹೊರಳಿಸಿ, ಹಿಡಿಯ ಒಳಬದಿ, ತಳ, ಅಂಚು ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿದೆ. ಎಲ್ಲೂ ಮಸಿಯ ಗುರುತಿರಲಿಲ್ಲ. ವರ್ನಿ ಇದ್ದಿದ್ದರೆ, ಪಾತ್ರೆ ಮೊದಲೋ ಮುದ್ರೆ ಮೊದಲೋ ಎಂದು ಒಂದು ನೋಟಕ್ಕೆ ಹೇಳಿಬಿಡುತ್ತಿದ್ದಳು.